ಮಾಮಾನ ಖಡಕ್ ರೊಟ್ಟಿ ಬುಟ್ಟಿ

ಮೊದಲು ನನ್ನ ದಡ್ಡತನ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮಾಮಾನ ಹುಚ್ಚಿನ ಬಗ್ಗೆ ನಿಶ್ಚಿಂತೆಯಿಂದ ಮಾತಾಡಬಹುದು. ಆ ಭಾನುವಾರ ಬೆಳಿಗ್ಗೆ ಮಾಮಾನ ಕುರ್ಚಿಯಲ್ಲಿ ಕೂತು, ಮಾಮಾನ ಮೈಕಿನಲ್ಲಿ, ಮಾಮಾನದೇ ದನಿಯಲ್ಲಿ "ತಗೀರಿ ತಗೀರಿ, ಯಾವ ಹುಚ್ಚ ಬಳಸ್ತಾನ್ರೀ ಅದನ್ನ" ಎಂದು ಅಪ್ಪಣೆ ಕೊಟ್ಟವನು ನಾನೇ. ಏನು ಮಾಡಲಿ, ಮಿಮಿಕ್ರಿ ನನಗೆ ಹುಟ್ಟಿನಿಂದ ಅಂಟಿದ ರೋಗ. ನನ್ನೆದುರು ಯಾರಾದರೂ ಕೆಮ್ಮಿದರೂ ಸಾಕು, ಎರಡನೇ ಕೆಮ್ಮು ನನ್ನದು. ನನ್ನ ದನಿಯನ್ನು ನಾನೇ ಅಣಕಿಸಿ ನೋಡಿದ್ದೇನೆ, ಸುಮಾರಾಗಿ ಬರುತ್ತದೆ.

ಈಗ ಮಾಮಾನಿಗೆ ಬರೋಣ. ನನ್ನ ಸೋದರಮಾವ ಇಡೀ ಜಗತ್ತಿನ ಇಂಟರ್ನೆಟ್ಟನ್ನು ಖಡಕ್ ರೊಟ್ಟಿ ಮಾಡಲು ಹೊರಟಿರುವ ಮನುಷ್ಯ!

ನಗಬೇಡಿ, ಇದು ಅವನದೇ ಮಾತು. ಮಾಮಾ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಿಡಿಭಾಗಗಳ ಅಂಗಡಿಯ ಆಫೀಸಿನಲ್ಲಿ ಗುಮಾಸ್ತ. ವಿಜಯಪುರದ ಕಡೆಯಿಂದ ಪುಣೆಗೆ ಬಂದು ಎಷ್ಟೋ ವರ್ಷವಾಯಿತು. ಹೊರಗೆ ಮರಾಠಿ, ಮನೆಯಲ್ಲಿ ನಮ್ಮ ಕನ್ನಡ, ಕಂಪ್ಯೂಟರಿನ ಮುಂದೆ ಪೈಥಾನ್ ಎಂಬ ಪ್ರೋಗ್ರಾಮಿನ ಭಾಷೆ. ಈ ಮೂರನೆಯದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಸಿಟ್ಟು ಕಲಿಸಿತು. ನಮ್ಮ ಕನ್ನಡ ಸಂಘಕ್ಕೆ ಯಾರೋ ಒಂದು ಭಾರೀ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಸರಿಯಾಗಿ ರಾಜ್ಯೋತ್ಸವದ ಹಿಂದಿನ ದಿನ ಯಾರೋ ಕಿಡಿಗೇಡಿ ಅದರೊಳಗೆ ಹೊಕ್ಕು, ಅಧ್ಯಕ್ಷರ ಸ್ವಾಗತ ಭಾಷಣದ ಜಾಗದಲ್ಲಿ ಹೊಟ್ಟೆ ಕರಗಿಸುವ ಮಾತ್ರೆಯ ಜಾಹೀರಾತು ಹಾಕಿದ. ಅಧ್ಯಕ್ಷರ ಫೋಟೋ ಮಾತ್ರ ಹಾಗೇ ಉಳಿದಿತ್ತು. ಅವರ ಹೊಟ್ಟೆ ನೋಡಿದವರಿಗೆ ಅನುಮಾನವೇ ಬರಲಿಲ್ಲ!

ಅಂದು ಮಾಮಾ ಪಣ ತೊಟ್ಟ. ತೊಟ್ಟು ಬರೆದ ಪ್ರೋಗ್ರಾಮಿನ ಹೆಸರು 'ಬುಟ್ಟಿ'.

ಬುಟ್ಟಿ ಏನು ಮಾಡುತ್ತದೆ? ಮಾಮಾ ಹೇಳುವ ಹಾಗೆ ಹೇಳುತ್ತೇನೆ. ಹೆಚ್ಚಿನ ವೆಬ್‌ಸೈಟುಗಳು ಬಿಸಿ ಫುಲ್ಕಾ ಇದ್ದ ಹಾಗೆ. ಮನೆಗೆ ಬಂದ ಒಬ್ಬೊಬ್ಬರಿಗೂ ಹಿಟ್ಟು ನಾದಿ, ಲಟ್ಟಿಸಿ, ಉಬ್ಬಿಸಿ ಕೊಡಬೇಕು. ಒಮ್ಮೆಲೇ ಮಂದಿ ನುಗ್ಗಿದರೆ ಒಲೆ ಆರುತ್ತದೆ, ಸೈಟು ಮಲಗುತ್ತದೆ. ಬುಟ್ಟಿಯದು ಹಾಗಲ್ಲ, ಖಡಕ್ ರೊಟ್ಟಿ. ನೀವು ಬರೆದದ್ದನ್ನು ಅದು ಒಂದೇ ಸಲಕ್ಕೆ ತಟ್ಟಿ, ಬೇಯಿಸಿ, ಒಣಗಿಸಿ, ಸಿದ್ಧ ಪುಟಗಳನ್ನಾಗಿ ಜೋಡಿಸಿಟ್ಟುಬಿಡುತ್ತದೆ. ಬಂದವರು ತೆಗೆದುಕೊಂಡು ಹೋಗುತ್ತಿರಬೇಕು, ಅಷ್ಟೆ. ಕೆಡುವುದಿಲ್ಲ, ಹಳಸುವುದಿಲ್ಲ, ಕಿಡಿಗೇಡಿ ಹೊಕ್ಕರೂ ಅಲ್ಲಿ ಕೆಡಿಸಲು ಒಲೆಯೇ ಇಲ್ಲ. ಇದನ್ನು ಅವನು ಯಾರು ಬೇಕಾದರೂ ಎತ್ತಿಕೊಳ್ಳಲಿ, ತಿದ್ದಲಿ, ಹಂಚಲಿ ಎಂದು ಪುಕ್ಕಟೆ ಬಿಟ್ಟಿದ್ದಾನೆ. ಎಲ್ಲೆಲ್ಲಿಯವರೋ ಎತ್ತಿಕೊಂಡಿದ್ದಾರೆ. ಮಾಮಿಗೆ ಇದರ ಬಗ್ಗೆ ಒಂದೇ ಅಭಿಪ್ರಾಯ: "ಜಗತ್ತಿಗೆಲ್ಲಾ ರೊಟ್ಟಿ ಮಾಡಿ ಹಾಕ್ತಾರ, ಮನ್ಯಾಗ ಒಂದ್ ಚಪಾತಿ ತಿರುವಿ ಹಾಕಂಗಿಲ್ಲ."

ಪುಕ್ಕಟೆ ಕೊಟ್ಟ ಮೇಲೆ ನಯವಾಗಿಯೂ ಕೊಡಬೇಕೆಂದು ಎಲ್ಲಿ ಬರೆದಿದೆ? ಮಾಮಾ ಪುಣೆಯ ಪೇಟೆಯ ನೀರು ಕುಡಿದವನು. ಇಲ್ಲಿನ ಹಳೆಯ ಅಂಗಡಿಗಳ ಬೋರ್ಡು ನೋಡಿದ್ದೀರಲ್ಲ, ಗಿರಾಕಿ ಒಳಗೆ ಕಾಲಿಡುವ ಮೊದಲೇ ಬೈದು ಮುಗಿಸಿರುತ್ತವೆ. ಬುಟ್ಟಿಯ ಮೊದಲ ಪುಟವೂ ಅದೇ ವಂಶದ್ದು. ಅದರ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿದರೆ: 'ನಿಮ್ಮ ಪ್ರಶ್ನೆಗೆ ಉತ್ತರ ಕೆಳಗೇ ಇದೆ. ಓದದೆ ಕೇಳಿದವರಿಗೆ ಓದಲು ಹೇಳಲಾಗುವುದು. ಓದಿಯೂ ಕೇಳಿದವರಿಗೆ ಮತ್ತೊಮ್ಮೆ ಓದಲು ಹೇಳಲಾಗುವುದು. ಮಧ್ಯಾಹ್ನ ಒಂದರಿಂದ ನಾಲ್ಕು ವಿಶ್ರಾಂತಿ. ಆ ಹೊತ್ತಿನಲ್ಲಿ ದಯವಿಟ್ಟು ತಪ್ಪು ಹುಡುಕಬಾರದು.' ಜರ್ಮನಿಯ ಒಬ್ಬ ಸಜ್ಜನ, ಪಾಪ, ಒಂದರಿಂದ ನಾಲ್ಕು ಅಂದರೆ ಯಾವ ದೇಶದ ಗಡಿಯಾರ ಎಂದು ವಿನಯದಿಂದ ಕೇಳಿದ. ಮಾಮಾ ಉತ್ತರಿಸಿದ: 'ಪುಣೆಯದು. ಬೇರೆ ಯಾವುದಿದೆ?' ಉತ್ತರ ಬರೆದದ್ದು ನಾಲ್ಕೂ ಕಾಲಿಗೆ.

ಪ್ರೋಗ್ರಾಮಿನೊಳಗಿನ ತಪ್ಪು ಸೂಚನೆಗಳದ್ದೂ ಅದೇ ಗತ್ತು. ಬೇರೆಯವರ ಪ್ರೋಗ್ರಾಮು 'ತಲೆಬರಹ ಇಲ್ಲ' ಎಂದು ಸುಮ್ಮನಾಗುತ್ತದೆ. ಬುಟ್ಟಿ ಸುಮ್ಮನಾಗುವ ಪೈಕಿಯೇ? 'ತಲೆಬರಹ ಇಲ್ಲ. ಹೆಸರಿಡದ ಕೂಸನ್ನು ಊರಿಗೆಲ್ಲ ತೋರಿಸುತ್ತೀರಾ?' ಎನ್ನುತ್ತದೆ. ಗೊತ್ತಿಲ್ಲದ್ದೇನಾದರೂ ಕಂಡರೆ, 'ಇದು ಯಾರು? ಬುಟ್ಟಿಗೆ ಗುರುತು ಸಿಗುತ್ತಿಲ್ಲ.' ಬ್ರೆಜಿಲ್ಲಿನ ಒಬ್ಬ, ಬೈಸಿಕೊಳ್ಳಲಿಕ್ಕೆಂದೇ ಬೇಕಂತ ತಪ್ಪು ಮಾಡುತ್ತೇನೆ, ನನ್ನ ಅಜ್ಜನ ನೆನಪಾಗುತ್ತದೆ ಎಂದು ಬರೆದಿದ್ದ. ಮಾಮಾ ಅದನ್ನು ಹೊಗಳಿಕೆ ಎಂದೇ ತಿಳಿದ. ನಾನು ಅದನ್ನು ಬ್ರೆಜಿಲ್ಲಿನ ಅಜ್ಜನ ದನಿಯಲ್ಲಿ ಓದಿ ತೋರಿಸಿದೆ. ಬ್ರೆಜಿಲ್ಲಿನ ಅಜ್ಜ ಹೇಗೆ ಮಾತಾಡುತ್ತಾನೋ ನನಗೇನು ಗೊತ್ತು? ಮಾಮಾನಿಗೂ ಗೊತ್ತಿರಲಿಲ್ಲ, ಬಚಾವಾದೆ.

ಎಲ್ಲಕ್ಕಿಂತ ಮೇಲೆ ಮಾಮಾನ ನೇಮ. ಬುಟ್ಟಿಯಲ್ಲಿ ಯಾರು ಏನು ಸೇರಿಸಿದರೂ ಇನ್ನೊಬ್ಬರು ನೋಡಿ 'ಪಾಸ್' ಮಾಡಬೇಕು. ಇದು ಎಲ್ಲ ಕಡೆ ಇರುವುದೇ. ಆದರೆ ಮಾಮಾ ಅದಕ್ಕೊಂದು ಬಾಲ ಹಚ್ಚಿದ್ದಾನೆ: ಒಮ್ಮೆ ಪಾಸಾದದ್ದನ್ನು ತೆಗೆಯಬೇಕಾದರೆ, ಪಾಸ್ ಮಾಡಿದವರನ್ನು ಕೇಳಿಯೇ ತೆಗೆಯಬೇಕು. ಮನೆಯ ಹಿರಿಯರನ್ನು ಕೇಳದೆ ಗೋಡೆ ಒಡೆಯುತ್ತಾರೇನು ಎಂದು ವಾದ. ಒಮ್ಮೆ ಒಂದು ಖಾಲಿ ಸಾಲು, ಬರೀ ಖಾಲಿ ಸಾಲು ತೆಗೆಯಬೇಕಿತ್ತು. ಅದನ್ನು ಪಾಸ್ ಮಾಡಿದ ನಾರ್ವೆಯವನು ಮೀನು ಹಿಡಿಯಲು ರಜೆ ಹಾಕಿ ಹೋಗಿದ್ದ. ಅವನ ಗಾಳಕ್ಕೆ ಮೀನು ಬಿದ್ದು, ಅವನು ಮನೆಗೆ ಬಂದು, ಹೂಂ ಅನ್ನುವವರೆಗೆ ಬುಟ್ಟಿಯ ಹೊಸ ಆವೃತ್ತಿ ಕಾದು ಕೂತಿತ್ತು!

ಈ ನೇಮಕ್ಕೆ ಎದುರು ನಿಂತವಳು ಒಬ್ಬಳೇ. ಬೆಂಗಳೂರಿನ ಹುಡುಗಿ, ಇಲ್ಲೇ ಪುಣೆಯ ಯೆರವಡಾದ ಒಂದು ಐಟಿ ಕಂಪನಿಯಲ್ಲಿ ಕೆಲಸ. ಸಂಘದ ಸೈಟಿನ ಮೂಲಕ ಬುಟ್ಟಿ ಕಂಡು, ತಪ್ಪು ತಿದ್ದಲು ಬಂದು, ಈಗ ಅರ್ಧ ಬುಟ್ಟಿ ಹೊತ್ತವಳೇ ಅವಳು. ಪ್ರತಿ ಭಾನುವಾರ ಬೆಳಿಗ್ಗೆ ಮಾಮಾ ಮತ್ತು ಅವಳು ಕಂಪ್ಯೂಟರಿನಲ್ಲೇ ಮಾತಾಡಿಕೊಳ್ಳುತ್ತಾರೆ. ಕ್ಯಾಮೆರಾ ಬಂದ್, ಬನಿಯನ್ನಿನಲ್ಲಿ ಕೂತಾಗಲೇ ಮಾಮಾನಿಗೆ ಬುದ್ಧಿ ಓಡುವುದು. ಇತ್ತೀಚೆಗೆ ಅವಳದು ಒಂದೇ ತಕರಾರು. ಬುಟ್ಟಿಯಲ್ಲಿ 'ದನಿ' ಎಂಬ ಒಂದು ಭಾಗವಿದೆ. ಹಳೇ ಕಾಲದ ಮೊಬೈಲಿನಲ್ಲಿ ಮುದ್ರಿಸಿದ ಧ್ವನಿಯನ್ನು ಬಿಚ್ಚಿ ಪುಟದಲ್ಲಿ ಕೂಡಿಸುವುದು ಅದರ ಕೆಲಸ. ಅದು ನೆಚ್ಚಿಕೊಂಡಿದ್ದ ಸಾಮಾನನ್ನು ಹೊಸ ಪೈಥಾನಿನಿಂದ ಕಿತ್ತುಹಾಕಿದ್ದಾರೆ. ಹಾಗಾಗಿ ದನಿ ಇರುವ ತನಕ ಬುಟ್ಟಿ ಹೊಸ ಪೈಥಾನಿನಲ್ಲಿ ಓಡುವುದಿಲ್ಲ. ಓಡದಿದ್ದರೆ ಮಂದಿ ಬಿಟ್ಟುಹೋಗುತ್ತಾರೆ. ಕೆಲವರು ಆಗಲೇ ಹೋಗಿದ್ದರು. "ಸರ್, ಹೀಗೇ ಇದ್ರೆ ಬುಟ್ಟಿ ಸತ್ತೋಗತ್ತೆ. ಆ ಪಾರ್ಟ್‌ನ ಯಾರೂ ಯೂಸ್ ಮಾಡ್ತಿಲ್ಲ" ಎಂದು ಅವಳು ಹೇಳಿದಾಗಲೆಲ್ಲ, ಇಷ್ಟು ವಾಚಾಳಿ ಮನುಷ್ಯ, "ನೋಡೂಣಂತ" ಎಂದು ಎದ್ದು ನೀರು ಕುಡಿಯಲು ಹೋಗುತ್ತಿದ್ದ. ಬುಟ್ಟಿ ಸಾಯುತ್ತದೆಂದರೂ ನೀರು! ನನಗೆ ತಡೆಯಲಾಗುತ್ತಿರಲಿಲ್ಲ.

ಆ ಭಾನುವಾರವೂ ನೀರಿಗೆ ಎದ್ದು ಹೋದ. ಮೈಕು ತೆರೆದೇ ಇತ್ತು. "ಸರ್, ಹಾಗಿದ್ರೆ ದನಿ ತೆಗೆದ್ಬಿಡ್ಲಾ?" ಎಂದು ಹುಡುಗಿ ಕೇಳಿದಳು. ಕುರ್ಚಿ ಖಾಲಿ, ಗಂಟಲು ಸಿದ್ಧ, ಬುಟ್ಟಿ ಉಳಿಸುವ ಪುಣ್ಯ ಬೇರೆ. ನಾನು ಕೂತು ಅಪ್ಪಣೆ ಕೊಟ್ಟೇಬಿಟ್ಟೆ. ಮಾಮಾನ ಮೂಗಿನ ಗೊರಗೊರವನ್ನೂ ಸೇರಿಸಿದ್ದೆ. ಕಲೆ ಎಂದರೆ ಅರ್ಧಕ್ಕೆ ನಿಲ್ಲಿಸಬಾರದು. ಅವಳು ಅಂದೇ ತೆಗೆದಳು. ಮುಂದಿನ ಭಾನುವಾರದ ಹೊತ್ತಿಗೆ ಹೊಸ ಆವೃತ್ತಿಯೂ ಸಿದ್ಧವಾಗಿತ್ತು, ಬಿಡುಗಡೆಗೆ ಮಾಮಾ ಹೂಂ ಅನ್ನುವುದೊಂದೇ ಬಾಕಿ. ಹುಡುಗಿ ಮೊದಲ ಸಲ ಮನೆಗೇ ಬಂದಳು, ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದು. ಮಾಮಾ ಅವಳಿಗಾಗಿ ಅಂಗಿ ಹಾಕಿಕೊಂಡಿದ್ದ.

ಯಾವ ಹೊಸ ಆವೃತ್ತಿಯನ್ನೂ ಬಿಡುವ ಮೊದಲು ಮಾಮಾ ತನ್ನ ಕಂಪ್ಯೂಟರಿನಲ್ಲಿರುವ ಯಾವುದೋ ಹಳೇ ಸೈಟನ್ನು ಅದರಿಂದ ಕಟ್ಟಿ ನೋಡುತ್ತಾನೆ. ಅದು ಸರಿಯಾಗಿ ಕಟ್ಟಿದರೆ ಮಾತ್ರ ಬಿಡುಗಡೆ. ಅಂದೂ ಕಟ್ಟಲು ಹೋದ. ಬುಟ್ಟಿ ಅವನಿಗೇ ತಿರುಗಿ ಕೇಳಿತು: 'ಇದು ಯಾರು? ಬುಟ್ಟಿಗೆ ಗುರುತು ಸಿಗುತ್ತಿಲ್ಲ.'

ಮಾಮಾನ ಮುಖ ಸಣ್ಣದಾಯಿತು. ದನಿ ತೆಗೆದವರು ಯಾರೆಂದು ಕೇಳಿದ. ನೀವೇ ಹೇಳಿದಿರಲ್ಲ ಸರ್ ಎಂದು ಹುಡುಗಿ ಗಾಬರಿಯಾದಳು. ತಾನು ಅಂದೇ ಇಲ್ಲವೆಂದು ಇವನು, ಕಿವಿಯಾರೆ ಕೇಳಿದೆನೆಂದು ಅವಳು. ಅಡುಗೆಮನೆಯ ಬಾಗಿಲಲ್ಲಿದ್ದ ಮಾಮಿ ನನ್ನ ಕಡೆ ಒಂದು ಸಲ ನೋಡಿದಳು. ಮಾಮಾ ನೋಡಿದ. ಹುಡುಗಿಯೂ ನೋಡಿದಳು. ನಾನು ಪೇಢೆ ನೋಡಿದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅದನ್ನೂ ಆಮೇಲೆ ಅಣಕಿಸಬಹುದಿತ್ತು. ಆದರೆ ಮಾಮಾ ಬೈಯಲಿಲ್ಲ. ಹಳೆಯ ಆವೃತ್ತಿಯಿಂದ ಆ ಸೈಟನ್ನು ಕಟ್ಟಿ, ಪರದೆ ನಮ್ಮ ಕಡೆ ತಿರುಗಿಸಿದ. ಗುಲಾಬಿ ಹಿನ್ನೆಲೆ, ಹಸಿರು ಅಕ್ಷರ, ಮೇಲೆ ನನ್ನ ಹೆಸರು. ಅಯ್ಯೋ! ನಾನು ಶಾಲೆಯಲ್ಲಿದ್ದಾಗ, ಬುಟ್ಟಿಯೂ ಕೂಸಾಗಿದ್ದಾಗ, ಮಾಮಾ ನನ್ನನ್ನು ತೊಡೆ ಪಕ್ಕ ಕೂಡಿಸಿಕೊಂಡು ಮಾಡಿಸಿದ ನನ್ನ ಮಿಮಿಕ್ರಿಯ ಸೈಟು. ಮರೆತೇಬಿಟ್ಟಿದ್ದೆ. ದನಿ ಎಂಬ ಭಾಗವನ್ನು ಅವನು ಬರೆದದ್ದೇ ಅದಕ್ಕಾಗಿ. ಯಾವ ಹುಚ್ಚ ಬಳಸುತ್ತಾನೆಂದು ಕೇಳಿದ್ದೆನಲ್ಲ? ಗೊತ್ತಾಯಿತು.

ಮೊದಲನೆಯದನ್ನು ಒತ್ತಿದ. ನನ್ನ ಎಳೆಯ ಗಂಟಲಿನಲ್ಲಿ ಸ್ವಾರಗೇಟದ ಕಂಡಕ್ಟರ್ 'ಇಂದಾಪುರ, ಇಂದಾಪುರ' ಎಂದು ಕೂಗಿದ. ಹುಡುಗಿ ಫಕ್ಕನೆ ನಕ್ಕಳು. ಎರಡನೆಯದು ಮಾಮಾನ ಸೀನು. ಮೂರನೆಯದು: "ಬರ್ರಿ, ತಾಟ ಹಾಕೇನಿ... ಆರ್ತದ."

ಮಾಮಿ ಕೈಯಲ್ಲಿದ್ದ ಲಟ್ಟಣಿಗೆ ಹಿಡಿದುಕೊಂಡೇ ಒಳಗೆ ಬಂದು ನಿಂತಳು.

ಅದು ಊಟಕ್ಕೆ ಕರೆಯುವ ಅಜ್ಜಿ, ಮಾಮಾನ ಅವ್ವ. ಅಂದರೆ, ನಾನು ಮಾಡಿದ ಅಜ್ಜಿ. ಅಜ್ಜಿ ತೀರಿಹೋದಳು, ಅವಳ ನಿಜವಾದ ದನಿ ಎಲ್ಲೂ ಇಲ್ಲ. ಮೊಬೈಲು ಹತ್ತಿರ ತಂದರೆ ಸಾಕು, ಬಾಯಿಗೆ ಸೆರಗು ಹಿಡಿದು ಸುಮ್ಮನಾಗುವವಳು. ಮದುವೆಯ ವಿಡಿಯೋಗಳಲ್ಲೂ ಮೂಕಿ. ನಾನು ಅವಳನ್ನು ಅಣಕಿಸಿದ್ದನ್ನು ಮಾಮಾ ಪುಟದಲ್ಲಿ ಕೂಡಿಸಿ ಅವಳಿಗೇ ಕೇಳಿಸಿದ. ಆಕೆ ನಗಲಿಲ್ಲ. ನಾ ಇಷ್ಟ ಜೋರ ಕರ್ಯಂಗಿಲ್ಲ, 'ಹಾಕೇನಿ' ಅಂದಮ್ಯಾಲ ಒಂಚೂರು ತಡೀತೀನಿ ಎಂದು ನನ್ನನ್ನು ತಿದ್ದಿದಳು. ಮತ್ತೆ ಮಾಡಿಸಿದಳು, ಮತ್ತೆ ಕೇಳಿದಳು. ಕಡೆಗೆ ಪುಟದಿಂದ ಬಂದ ದನಿಗೆ ಕಿವಿಗೊಟ್ಟು, "ಹಾಂ, ಈಗ ನಾನ ಅದೀನಿ" ಎಂದು ಒಳಗೆ ಹೋದಳು. ಆ ತಡೆ ಇನ್ನೂ ಅಲ್ಲೇ ಇದೆ, ತಾಟ ಹಾಕೇನಿ ಮತ್ತು ಆರ್ತದದ ನಡುವೆ. ಪ್ರತಿ ಆವೃತ್ತಿಗೂ ಮುಂಚೆ ಮಾಮಾ ಪರೀಕ್ಷಿಸುತ್ತಿದ್ದದ್ದು ಅದನ್ನು.

ಆ ಹೊತ್ತಿನ ನಂತರ ನಾನು ಮಾಮಾನ ದನಿ ತೆಗೆದಿಲ್ಲ, ಅಂದರೆ ಅವನ ಅಪ್ಪಣೆ ಇಲ್ಲದೆ ತೆಗೆದಿಲ್ಲ. ಹುಡುಗಿಯಂತೂ ಯೆರವಡಾಕ್ಕೆ ಹೋದವಳೇ ದನಿಯ ಭಾಗವನ್ನು ಬುಡದಿಂದ ಹೊಸದಾಗಿ ಬರೆದು, ಹೊಸ ಪೈಥಾನಿನಲ್ಲಿ ಓಡುವ ಹಾಗೆ ಮಾಡಿ ಕಳಿಸಿದಳು. ಆದರೆ ಅಂದು ಆ ಕೋಣೆಯಲ್ಲಿ, ಕಣ್ಣೊರೆಸಿಕೊಂಡ ಮೇಲೂ, ಕಂಪನಿಯ ಬುದ್ಧಿ ಬಿಡುತ್ತದೆಯೇ? ಈ ಫೈಲೊಂದನ್ನು ಬೇರೆ ಕಡೆ ಜೋಪಾನವಾಗಿ ಇಟ್ಟು, ಆ ಪಾರ್ಟ್ ತೆಗೆದರೆ ಆಗುವುದಿಲ್ಲವಾ ಸರ್ ಎಂದು ಮೆಲ್ಲಗೆ ಕೇಳಿಯೇ ಕೇಳಿದಳು. ಮಾಮಾ ಪೇಢೆಯ ಡಬ್ಬಿಯನ್ನು ಅವಳ ಕಡೆ ಸರಿಸಿ ಹೇಳಿದ:

"ನಮ್ಮ ನೇಮ ನಿಮಗ ಗೊತ್ತದಲ್ರೀ. ಇದನ್ನ ಪಾಸ್ ಮಾಡಿದಾಕಿ ನಮ್ಮವ್ವ. ತಗೀಬೇಕಂದ್ರ ಆಕಿನ್ನ ಕೇಳ್ಕೊಂಡು ಬರ್ರಿ."