ದೊಡ್ಡಪ್ಪನ ಮಳೆ ಮತ್ತು ಪುಕ್ಕಟೆ ಲಿನಕ್ಸ್

ಪುಕ್ಕಟೆ ಸಿಗುವ ವಸ್ತುವಿನ ಮುಂದೆ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೃಷಿ ಮೇಳಗಳಲ್ಲಿ ಸುಮ್ಮನೆ ಹಂಚುತ್ತಿದ್ದರು ಎಂದು ತಂದ ಟೋಪಿಗಳು ನಮ್ಮ ಮನೆಯಲ್ಲಿ ಒಂಬತ್ತಿವೆ, ಮಗಳು ಬೇರೆ ಊರಲ್ಲಿರುವುದರಿಂದ ತಲೆಗಳಿರುವುದು ಮೂರು. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಬಚ್ಚಲುಮನೆಯಲ್ಲೂ ನೇತಾಡುತ್ತಿದೆ. ಸ್ನಾನ ಮಾಡುವಾಗ ತಾರೀಕು ತಿಳಿದು ಏನಾಗಬೇಕು ಎಂದು ಹೆಂಡತಿ ಗಿರಿಜೆ ಕೇಳುತ್ತಲೇ ಇರುತ್ತಾಳೆ. ಹೀಗಿರುವಾಗ ಗೆಳೆಯ ಪೂವಯ್ಯ ಒಂದು ಪೆನ್ ಡ್ರೈವ್ ತಂದು, "ತಗೋ ಮಾರಾಯ, ಲಿನಕ್ಸ್. ಕಂಪ್ಯೂಟರ್ ನಡೆಸುವ ಹೊಸ ಸಾಫ್ಟ್‌ವೇರ್. ನಿನ್ನ ಮುದಿ ಕಂಪ್ಯೂಟರ್ ಕುದುರೆ ಹಾಗೆ ಓಡ್ತದೆ. ಒಂದು ಪೈಸೆ ಇಲ್ಲ, ಪೂರಾ ಫ್ರೀ" ಎಂದಾಗ ನಾನು ಕೈ ಚಾಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಪೂವಯ್ಯ ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತನಾದವನು. ತಂತಿ ಇರುವುದು, ಇಲ್ಲದಿರುವುದು ಎಲ್ಲವೂ ಅವನಿಗೆ ಗೊತ್ತು ಎಂದು ಸೋಮವಾರಪೇಟೆ ಕಡೆಯ ನಾವೆಲ್ಲ ನಂಬಿದ್ದೇವೆ.

ಕಂಪ್ಯೂಟರು ಮುದಿಯಾದದ್ದು ನಿಜ. ಹನ್ನೆರಡು ವರ್ಷವಾಯಿತು. ಬೆಳಿಗ್ಗೆ ಗುಂಡಿ ಒತ್ತಿ, ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಕಾಫಿ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಆದರೂ ನಾವು ಅದನ್ನು ಮೂಲೆಗೆ ಸೇರಿಸಿರಲಿಲ್ಲ, ಏಕೆಂದರೆ ಅದರೊಳಗೆ ದೊಡ್ಡಪ್ಪನ ಮಳೆ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ಬೆಳೆಯುವ ನಮ್ಮ ಕಡೆ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು ಕೇಳುತ್ತಾರೆ. ಹೊರಗಿನವರು ಇದು ಜಾಗದ ಮಾತು ಎಂದುಕೊಳ್ಳುತ್ತಾರೆ. ಅಲ್ಲ, ಮಳೆಯದು. ಒಂದು ಇಂಚು ಮಳೆಗೆ ನೂರು ಸೆಂಟು. ಪ್ರತಿ ತೋಟದಲ್ಲೂ ಬಯಲಲ್ಲೊಂದು ಮಳೆ ಅಳೆಯುವ ಡಬ್ಬಿ, ಅದರೊಳಗೊಂದು ಬಾಟಲಿ, ಪಕ್ಕದಲ್ಲಿ ಗೆರೆ ಎಳೆದ ಗಾಜಿನ ಅಳತೆ ಕೊಳವೆ. ಬೆಳಿಗ್ಗೆ ಎಂಟಕ್ಕೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ದೊಡ್ಡಪ್ಪ, ಅಂದರೆ ನನ್ನ ತಂದೆಯ ಅಣ್ಣ, ನನಗೆ ಮಾತು ಮತ್ತು ಅಕ್ಷರ ಎರಡನ್ನೂ ಕಲಿಸಿದವರು, ನಲವತ್ತು ವರ್ಷ ಒಂದು ದಿನವೂ ತಪ್ಪದೆ ಇದನ್ನು ಬರೆದರು. ಜ್ವರ ಬಂದಾಗಲೂ ಬರೆದರು. ತಮ್ಮ ಮದುವೆಯ ಮಾರನೆಯ ದಿನದ ಬೆಳಿಗ್ಗೆ ಎಂಟಕ್ಕೆ ಎಲ್ಲಿದ್ದರು ಎಂದು ದೊಡ್ಡಮ್ಮ ಬದುಕಿರುವತನಕ ಹೇಳಿ ನಗುತ್ತಿದ್ದರು. ಆ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ ಗಿರಿಜೆ ಎರಡು ವರ್ಷದ ಮಧ್ಯಾಹ್ನಗಳನ್ನೆಲ್ಲ ಕೊಟ್ಟು ಒಂದೊಂದೇ ಅಂಕಿಯನ್ನು ಕಂಪ್ಯೂಟರಿಗೆ ಹೊಡೆದಳು. ಹೊಡೆದು ಮುಗಿದ ಪುಟ ಅವಳ ಕೈಯಲ್ಲೇ ಪುಡಿಯಾಗುತ್ತಿತ್ತು. ಪುಡಿ ಬಚ್ಚಲೊಲೆಗೆ ಹೋಗುತ್ತಿತ್ತು. ದೊಡ್ಡಪ್ಪನ ಮಂಡಿ ಕೈಕೊಟ್ಟು, ಡಬ್ಬಿ ಇರುವ ಮೇಲಿನ ಕಣಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತುವುದು ಆಗದೆ, ಆರು ವರ್ಷದಿಂದ ಅಳೆದು ಹೇಳುವ ಕೆಲಸ ನನ್ನದು. ಅದರ ಬಗ್ಗೆ ಈಗಲೇ ಹೆಚ್ಚು ಹೇಳುವುದಿಲ್ಲ.

ಕಳೆದ ಏಪ್ರಿಲ್ಲಿನಲ್ಲಿ ಸೌಮ್ಯ ಎಂಬ ಹುಡುಗಿ ಫೋನ್ ಮಾಡಿದಳು. ಮಳೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ, ದೊಡ್ಡಪ್ಪನ ಲೆಕ್ಕದ ಒಂದು ಪ್ರತಿ ಬೇಕು, ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆ ಎಂದಳು. ಎಪ್ಪತ್ತನಾಲ್ಕರ ದೊಡ್ಡಪ್ಪ ಆ ಭಾನುವಾರ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಪಂಚೆ ಉಟ್ಟು, ಕಪ್ಪು ಕೋಟು ಹಾಕಿ, ತಲೆಗೆ ಕೃಷಿ ಮೇಳದ ಟೋಪಿ ಇಟ್ಟು ಜಗಲಿಯ ಕುರ್ಚಿಯಲ್ಲಿ ಕೂತುಬಿಟ್ಟರು. "ಇನ್ನೂ ಆರ್ ಗಂಟೆ ಐತೆ ದೊಡ್ಡಪ್ಪ" ಎಂದೆ. "ಇರ್ಲಿ ಬಿಡೋ. ನಲವತ್ತಾರ್ ವರ್ಷದಿಂದ ಯಾರಾದ್ರೂ ಕೇಳ್ತಾರಾ ಅಂತ ಕಾದಿದೀನಿ. ಆರ್ ಗಂಟೆ ಕಾಯಕ್ಕಾಗಲ್ವಾ?" ಎಂದರು.

ಹನ್ನೆರಡರ ಹೊತ್ತಿಗೆ ನನ್ನ ತಲೆಯಲ್ಲೊಂದು ಹುಳ ಎದ್ದಿತು. ಅಷ್ಟು ಓದಿದ ಹುಡುಗಿ ಬಂದು ಕೂತು, ನಮ್ಮ ಕಂಪ್ಯೂಟರು ಅರ್ಧ ಗಂಟೆ ಗೊರಗೊರ ಎನ್ನುವುದನ್ನು ನೋಡಬೇಕೆ? ಪೂವಯ್ಯನ ಪೆನ್ ಡ್ರೈವ್ ಮೇಜಿನ ಮೇಲೇ ಇತ್ತು. ಹಾಕುವ ಕ್ರಮವನ್ನು ಅವನು ತನ್ನ ತಂಗಿಯ ಮಗನ ಮದುವೆಯ ಆಮಂತ್ರಣದ ಹಿಂಬದಿಯಲ್ಲಿ ಬರೆದುಕೊಟ್ಟಿದ್ದ: ಒಂದು, ಪೆನ್ ಡ್ರೈವ್ ಸಿಕ್ಕಿಸು. ಎರಡು, ಆನ್ ಮಾಡಿ ತಕ್ಷಣ ಎಫ್ ಹನ್ನೆರಡು ಒತ್ತು. ಮೂರು, ಪೆನ್ ಡ್ರೈವ್ ಆರಿಸಿ ಎಂಟರ್ ಒತ್ತು. ನಾನು ಸಿಕ್ಕಿಸಿದೆ, ಒತ್ತಿದೆ, ಆರಿಸಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು, ಮತ್ತೆ ಎಂಟರ್ ಒತ್ತಿದೆ. ಇನ್ನೇನೋ ಕೇಳಿತು, ಅದಕ್ಕೂ ಒತ್ತಿದೆ. ಐದೇ ನಿಮಿಷ! ಹಿಮ ಹೊತ್ತ ಯಾವುದೋ ಬೆಟ್ಟದ ಚಿತ್ರ ಕಣ್ಣು ಕುಕ್ಕುವಂತೆ ಬಂದು ನಿಂತಿತು. ಒತ್ತಿದ್ದು ಒತ್ತಿದ ಕಡೆ ತೆರೆಯುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮಳೆಯ ಕಡತ ತೆರೆಯಲು ಹೋದೆ.

ಏನೂ ಇರಲಿಲ್ಲ. ಕಡತಗಳ ಕಪಾಟು ಗುಡಿಸಿ ಸಾರಿಸಿದ ಹಾಗೆ ಖಾಲಿ. ಇನ್ನೊಂದು ಕಪಾಟು ತೆರೆದೆ, ಅದೂ ಖಾಲಿ. ಬೇರೆ ಇನ್ನೆಲ್ಲೋ ಇರಬಹುದೆಂದು ಕಂಡದ್ದನ್ನೆಲ್ಲ ಒತ್ತಿದೆ. ಒಂದು ಇಸ್ಪೀಟಾಟ ತೆರೆಯಿತು. ಫೋನ್ ಹಿಡಿದು ಹಿತ್ತಿಲಿಗೆ ಓಡಿದೆ. ಪೂವಯ್ಯ ಬಿಟ್ಟಂಗಾಲ ಎಂಬ ಊರಿನಲ್ಲಿ ಅದೇ ಮದುವೆಯಲ್ಲಿದ್ದ. ಹಿಂದಿನಿಂದ ವಾಲಗದ ಸದ್ದು ಕಿವಿ ಒಡೆಯುತ್ತಿತ್ತು.

"ಪೂವಯ್ಯಾ, ಮಳೆ ಎಲ್ಲ ಹೋಯ್ತಲ್ಲೋ!"

"ಹೋಗ್ಲಿ ಬಿಡು, ಮದುವೆಗೆ ಒಳ್ಳೇದೇ ಆಯ್ತು."

"ಆ ಮಳೆ ಅಲ್ಲ! ಕಂಪ್ಯೂಟರ್ ಒಳಗಿಂದು. ನಿನ್ನ ಲಿನಕ್ಸ್ ಹಾಕಿದೆ, ಎಲ್ಲ ಖಾಲಿ."

"ಅರೆ ಭಾಯ್, ಎಂಥ ಒತ್ತಿದ್ದು ನೀನು?"

"ಕೇಳಿದ್ದಕ್ಕೆಲ್ಲ ಎಂಟರ್ ಒತ್ತಿದೆ."

"ಎಲ್ಲದಕ್ಕೂ?"

"ಎಲ್ಲದಕ್ಕೂ."

ವಾಲಗದ ಸದ್ದು ದೂರವಾಯಿತು, ಅವನು ಆಚೆ ಸರಿದಿದ್ದ. ಆಮೇಲೆ ಅವನು ಯುದ್ಧಭೂಮಿಯ ದನಿಯಲ್ಲಿ ಹೇಳಿದ: "ಹಾಗಾದ್ರೆ ಡಿಸ್ಕ್ ಅಳಿಸಿಬಿಟ್ಟಿದ್ದಿ ಕಾಣ್ತದೆ. ಈಗ ಒಂದು ಕೆಲಸ ಮಾಡು. ಏನೂ ಮಾಡ್ಬೇಡ. ಮುಟ್ಬೇಡ, ಆಫ್ ಮಾಡ್ಬೇಡ. ಆಫ್ ಆಯ್ತೋ, ಇದ್ದದ್ದೂ ಹೋಗ್ತದೆ. ಸಾಯಂಕಾಲ ನಾನೇ ಬಂದು ನೋಡ್ತೇನೆ."

ಆಫ್ ಮಾಡಬೇಡ ಎಂದು ಹೇಳುವುದು ಸುಲಭ. ನಮ್ಮೂರಿನಲ್ಲಿ ಆಫ್ ಮಾಡುವವರು ನಾವಲ್ಲವಲ್ಲ. ಏಪ್ರಿಲ್ ಗಾಳಿಗೆ ಕಾಫಿಗೆ ನೆರಳು ಕೊಡುವ ಒಂದು ಸಿಲ್ವರ್ ಮರದ ಕೊಂಬೆ ತಂತಿಗೆ ಒರಗಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಯುಪಿಎಸ್‌ನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು; ಅದರ ಮೇಲೆ ಗಿರಿಜೆ ಹೂಕುಂಡ ಇಟ್ಟಿದ್ದಳು. ನಾನು ಮನೆಯ ಫ್ಯಾನು, ಫ್ರಿಜ್ಜು, ದೀಪ ಎಲ್ಲ ಆರಿಸಿ, ಇರುವ ಕರೆಂಟನ್ನು ಕಂಪ್ಯೂಟರಿಗೆ ಮೀಸಲಿಟ್ಟವನಂತೆ ಅದರ ಮುಂದೆ ಕಾವಲು ಕೂತೆ. ಹೊರಗೆ ಎಲೆ ಅಲ್ಲಾಡಿದರೆ ಎದೆ ಅಲ್ಲಾಡುತ್ತಿತ್ತು. ಅಡುಗೆಮನೆಯಿಂದ ಮಿಕ್ಸಿ ಗುರ್ರೆಂದ ಕೂಡಲೇ ಓಡಿಹೋಗಿ ನಿಲ್ಲಿಸಿದೆ.

"ಏನ್ರೀ ಇದು? ಚಟ್ನಿ ಒರಳಲ್ಲಿ ರುಬ್ಬಬೇಕಾ ನಾನು?"

"ಇವತ್ತೊಂದಿನ ಕಣೇ."

"ಏನ್ ಮಾಡಿದೀರಿ ಹೇಳಿ ಮೊದ್ಲು."

ನಾನು ಬಾಗಿಲಿಗೆ ಅಡ್ಡ ನಿಂತೆ. ಆದರೆ ಅವಳು ನೇರ ಬಂದು ಪರದೆಯ ಮುಂದೆ ನಿಂತಳು. "ಇದ್ಯಾವ ಬೆಟ್ಟ? ಮಗಳೂ ಬೆಕ್ಕೂ ಇದ್ದ ಫೋಟೋ ಎಲ್ಲಿ?" ಎಂದು ಕೇಳಿದಳು. ನನ್ನ ಮುಖ ನೋಡಿದಳು, ಎಲ್ಲ ಅರ್ಥವಾಯಿತು. ಮೆಲ್ಲಗೆ ಮಂಚದ ತುದಿಯಲ್ಲಿ ಕೂತಳು. ಬೈದಿದ್ದರೆ ಒಳ್ಳೆಯದಿತ್ತು. "ದೊಡ್ಡಮಾವಂಗೆ ನೀವೇ ಹೇಳ್ಬೇಕು. ನಂಗಂತೂ ಬಾಯಿ ಬರಲ್ಲ" ಎಂದಳು.

ಹೇಳುವುದನ್ನು ತಪ್ಪಿಸಿಕೊಳ್ಳಲು ನಾನು ಕೊನೆಯದೊಂದು ದಾರಿ ಹುಡುಕಿದೆ. ಚೆಟ್ಟಳ್ಳಿಯಲ್ಲಿ ದೊಡ್ಡಪ್ಪನಷ್ಟೇ ಹಳಬರಾದ ಕುಶಾಲಪ್ಪನವರಿದ್ದಾರೆ. ಅವರ ಮಳೆ ಪುಸ್ತಕಗಳಿಗೆ ಗೆದ್ದಲು ಬಂದಿಲ್ಲ. ಫೋನ್ ಮಾಡಿ, ಸ್ವಲ್ಪ ಕಾಲ ಪುಸ್ತಕ ಕೊಡುತ್ತೀರಾ ಎಂದು ಕೇಳಿದೆ. "ಎಂತಕ್ಕೆ?" ಎಂದರು. ಸುಮ್ಮನೆ ಹೋಲಿಸಿ ನೋಡಲು ಎಂದೆ. "ಹೋಲಿಸ್ಲಿಕ್ಕೆ ಎಂತ ಉಂಟು? ನಿಮ್ಮ ದೊಡ್ಡಪ್ಪನಿಗಿಂತ ನಮಗೆ ವರ್ಷಕ್ಕೆ ಹತ್ತಿಂಚಾದರೂ ಜಾಸ್ತಿಯೇ. ಅವರಿಗೆ ಹೇಳಿಬಿಡಿ" ಎಂದು ಫೋನಿಟ್ಟರು. ಅಷ್ಟಕ್ಕೂ ನಮ್ಮ ಕಡೆಯ, ಕಾಫಿ ಹೂ ಅರಳಿಸುವ ಹೂಮಳೆ ರಸ್ತೆಯ ಈಚೆ ಬಿದ್ದರೆ ಆಚೆ ಬೀಳುವುದಿಲ್ಲ. ಇನ್ನೊಬ್ಬರ ಮಳೆಯನ್ನು ಕಡ ತಂದು ಏನು ಮಾಡಲಿ?

ಮೂರು ಗಂಟೆ ಹತ್ತು ನಿಮಿಷ. ಗಾಳಿ ಬೀಸಿತು. ಮೇಲಿನ ತೋಟದಲ್ಲಿ ಎಲ್ಲೋ ಚಟಾರ್ ಎಂದಿತು. ಬೆಟ್ಟ, ಹಿಮ ಎಲ್ಲವೂ ಒಂದೇ ಏಟಿಗೆ ಕಪ್ಪಾಯಿತು.

ಆ ಕ್ಷಣದ ಸಿಟ್ಟಿನಲ್ಲಿ ಪೆನ್ ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಂಡೆ, ಪೂವಯ್ಯ ಬಂದರೆ ಅವನ ಮುಖಕ್ಕೆ ಎಸೆಯಲು. ನಂತರ ಜಗಲಿಗೆ ಹೋಗಿ ದೊಡ್ಡಪ್ಪನ ಕುರ್ಚಿಯ ಬಳಿ ನೆಲದ ಮೇಲೆ ಕೂತೆ.

"ಬಂದ್ಲೇನೋ ಆ ಮಗು?"

"ಇಲ್ಲ ದೊಡ್ಡಪ್ಪ. ಮಳೆ ಲೆಕ್ಕ ಹೋಯ್ತು. ನಾನೇ ಕಳೆದುಬಿಟ್ಟೆ."

"ಯಾವ ವರ್ಷದ್ದು?"

"ಎಲ್ಲಾನೂ."

ದೊಡ್ಡಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ನಿಮ್ಮಪ್ಪ ತೀರ್ಕೊಂಡ ದಿನ ಎರಡಿಂಚು ಹದಿನೇಳು ಸೆಂಟು. ಅದೊಂದು ನೆನಪೈತೆ. ಮಿಕ್ಕಿದ್ದೆಲ್ಲ ಬರೆದಿಟ್ಟಿದೀನಲ್ಲ ಅಂತ ಮರೆತುಬಿಟ್ಟೆ ಕಣೋ" ಎಂದರು.

ಇದನ್ನು ಕೇಳಿ ಸುಮ್ಮನಿದ್ದಿದ್ದರೆ ನಾನು ಬುದ್ಧಿವಂತ. ಆದರೆ ಅವರ ಮುಖ ನೋಡಲಾರದೆ, ಏನಾದರೂ ಸಮಾಧಾನ ಹೇಳಬೇಕೆಂಬ ಆತುರದಲ್ಲಿ ಬಾಯಿಬಿಟ್ಟೆ. "ಹೋದ್ರೆ ಹೋಗ್ಲಿ ಬಿಡಿ ದೊಡ್ಡಪ್ಪ. ಅದ್ರಲ್ಲಿ ಎಲ್ಲ ಸರಿ ಇರ್ಲಿಲ್ಲ. ಈ ಆರ್ ವರ್ಷದ್ದು... ಕೆಲವು ದಿನ ನಾನು ಮೇಲೆ ಹೋಗ್ತಾನೇ ಇರ್ಲಿಲ್ಲ."

"ಹೋಗ್ತಿರ್ಲಿಲ್ವಾ? ಮತ್ತೆ ದಿನಾ ಹೇಳ್ತಿದ್ಯಲ್ಲ?"

"ಹೊದ್ದು ಮಲಗಿದಲ್ಲೇ ಹೆಂಚಿನ ಮೇಲಿನ ಸದ್ದು ಕೇಳಿ ಹೇಳ್ತಿದ್ದೆ."

"ಸದ್ದಿಗೆ ಎಷ್ಟು?"

"ಸಣ್ಣದಾದ್ರೆ ಮೂವತ್ತು. ಜೋರಾದ್ರೆ ಎರಡಿಂಚು."

ದೊಡ್ಡಪ್ಪನ ಊರುಗೋಲು ನೆಲಕ್ಕೆ ಠಣ್ ಎಂದಿತು. "ಕಳೆದದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ಹೋದದ್ದು ನಿಜ ಆಗಿತ್ತು ಅಂತಾದ್ರೂ ಇರ್ತಿತ್ತು, ಅದನ್ನೂ ಇಟ್ಟಿಲ್ವಲ್ಲೋ ನೀನು!" ಬಾಗಿಲಲ್ಲಿ ನಿಂತಿದ್ದ ಗಿರಿಜೆಗೆ ಆಗ ಬಾಯಿ ಬಂತು. "ಅಂದ್ರೆ ಆರ್ ವರ್ಷದಿಂದ ನಾನು ದಿನಾ ಟೈಪ್ ಮಾಡಿದ್ದು ನಿಮ್ಮ ನಿದ್ದೇನಾ?"

ಅಷ್ಟರಲ್ಲಿ, ಮೂರು ಮುಕ್ಕಾಲಕ್ಕೆ ಕರೆಂಟು ಬಂತು. ಗಿರಿಜೆ ಒಳಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಗೊರಗೊರ ಎಂದಿತು. ಎಂದಿನ ಹಾಗೆ ನಿಂತು, ಯೋಚಿಸಿ, ಮತ್ತೆ ಗೊರ ಎಂದಿತು. ಅಷ್ಟು ಇಂಪಾದ ಗೊರಕೆಯನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಹತ್ತು ನಿಮಿಷದ ಮೇಲೆ ಪರದೆಯ ಮೇಲೆ ನಮ್ಮ ಮಗಳು ಬೆಕ್ಕನ್ನೆತ್ತಿಕೊಂಡು ನಕ್ಕಳು. ಗಿರಿಜೆ ಕಡತ ತೆರೆದಳು. ನಲವತ್ತಾರು ವರ್ಷದ ಮಳೆ ಸಾಲುಸಾಲಾಗಿ ನಿಂತಿತ್ತು.

ಆಗಿದ್ದೇನೆಂದು ಸಂಜೆ ಪೂವಯ್ಯ ಬಂದು ವಿವರಿಸಿದ. ಲಿನಕ್ಸನ್ನು ಒಳಗೆ ಹಾಕದೆ ಪೆನ್ ಡ್ರೈವಿನಿಂದಲೇ ಬರೀ ನೋಡಿಬಿಡಬಹುದಂತೆ. ನಾನು ಮಾಡಿದ್ದು ಅಷ್ಟೇ. ಅದು ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋದ ನೆಂಟನಿದ್ದ ಹಾಗೆ, ಒಳಕೋಣೆಯ ಪೆಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಕರೆಂಟು ಹೋದದ್ದರಿಂದ ನೆಂಟ ಹೊರಟುಹೋದ. ನಾನು ಮೂರು ಗಂಟೆ ಉಸಿರು ಕಟ್ಟಿ ಕಾದದ್ದು ಅವನು ಹೊರಡದಂತೆ! "ಬರೆದು ಕೊಟ್ಟಿದ್ದೆನಲ್ಲ?" ಎಂದ ಪೂವಯ್ಯ ಆಮಂತ್ರಣವನ್ನು ಬಿಡಿಸಿ ತೋರಿಸಿದ. ಒಳಪುಟದ ಅಂಚಿನಲ್ಲಿ ನಾಲ್ಕನೆಯ ಸಾಲಿತ್ತು: ಇದು ನೋಡಲು ಮಾತ್ರ, ಇಷ್ಟವಾದರೆ ಆಮೇಲೆ ಹಾಕು. ಊಟ ಎಲ್ಲಿ, ಯಾವಾಗ ಎಂದು ಹೊರಗೆ ಕಂಡ ಮೇಲೆ ಆಮಂತ್ರಣದ ಒಳಪುಟ ಓದುವ ಅಭ್ಯಾಸ ನನಗಿಲ್ಲ. ಫೋನಿನಲ್ಲಿ ಅಳಿಸಿಹೋಯಿತು ಎಂದು ಹೆದರಿಸಿದ್ದೇಕೆ ಎಂದು ಕೇಳಿದ್ದಕ್ಕೆ, ಅಷ್ಟು ಹೊತ್ತಿಗೆ ತಾನು ಎರಡು ಪೆಗ್ ಮುಗಿಸಿದ್ದೆ ಎಂದು ಒಪ್ಪಿಕೊಂಡ.

ಆದರೆ ಅದು ಸಂಜೆಯ ಮಾತು. ನಾಲ್ಕು ಗಂಟೆಗೆ ಸರಿಯಾಗಿ ಗೇಟಿನ ಸದ್ದಾಯಿತು. ಮಳೆ ಹೋದದ್ದು ಮರಳಿ ಬಂದಿತ್ತು. ನನ್ನ ಬಾಯಿಂದ ಹೋದ ಮಾತು ಮರಳಿ ಬರುವಂತಿರಲಿಲ್ಲ. ಸೌಮ್ಯ ಕಡತ ನೋಡಿ ಕಣ್ಣರಳಿಸಿ, "ಅಜ್ಜಾ, ಒಂದು ದಿನಾನೂ ಬಿಟ್ಟಿಲ್ಲ ನೀವು!" ಎಂದಳು. ದೊಡ್ಡಪ್ಪ ಟೋಪಿ ಸರಿಮಾಡಿಕೊಂಡರು. ಅವಳು ಪ್ರತಿ ಮಾಡಿಕೊಳ್ಳಲು ಕೈ ಇಟ್ಟಳು. "ಸ್ವಲ್ಪ ತಡಿ ಮಗಾ" ಎಂದರು ದೊಡ್ಡಪ್ಪ. "ಕಡೇ ಆರ್ ವರ್ಷದ್ದನ್ನ ಇವನ ಪಕ್ಕ ಕೂತ್ಕೊಂಡು ನೋಡು. ಮಳೆ ಯಾವ್ದು, ನಿದ್ದೆ ಯಾವ್ದು ಅಂತ ಇವನೇ ಹೇಳ್ತಾನೆ."

ಹೀಗೆ ನಾನು ಅಷ್ಟು ಓದಿದ ಹುಡುಗಿಯ ಪಕ್ಕದಲ್ಲಿ ಕೂತು ನನ್ನ ಸೋಮಾರಿತನವನ್ನು ದಿನದಿನವಾಗಿ ಗುರುತು ಹಾಕಿಸಬೇಕಾಯಿತು. ಯಾವ ದಿನ ಹೋಗಿದ್ದೆ, ಯಾವ ದಿನ ಇಲ್ಲ ಎಂದು ಯಾರಿಗೆ ನೆನಪು? ಉಪಾಯ ಹೇಳಿದವಳು ಅವಳೇ. "ಸರ್, ನಿಜವಾದ ಮಳೆ ಮೂವತ್ತೇಳು, ಅರವತ್ತೆರಡು ಅಂತ ಬೀಳುತ್ತೆ. ಊಹೆ ಮಾಡೋರು ಕೊನೇ ಅಂಕೀನ ಯಾವಾಗ್ಲೂ ಸೊನ್ನೆಗೋ ಐದಕ್ಕೋ ನಿಲ್ಲಿಸ್ತಾರೆ." ಸೊನ್ನೆಗೆ, ಐದಕ್ಕೆ ನಿಂತ ದಿನಗಳನ್ನೆಲ್ಲ ಅವಳು ಹಳದಿ ಮಾಡಿದಳು. ಜೂನ್, ಜುಲೈ ಪುಟಗಳು ಸಾಸಿವೆ ಹೊಲದಂತೆ ಅರಳಿದವು. ನಾನು ನೆನೆದುಕೊಂಡು ಮೆಟ್ಟಿಲು ಹತ್ತಿ, ನಿಜವಾಗಿಯೂ ಮೂವತ್ತೇ ಸೆಂಟು ಅಳೆದ ದಿನಗಳೂ ಅವುಗಳಲ್ಲಿದ್ದವು. ಆ ದಿನಗಳ ಪರವಾಗಿ ಮಾತಾಡಲು ಬಾಯಿ ತೆರೆದೆ. ಗಿರಿಜೆ ನನ್ನ ಕಡೆ ನೋಡಿದಳು. ಮುಚ್ಚಿದೆ.

ಪೆನ್ ಡ್ರೈವನ್ನು ಪೂವಯ್ಯನಿಗೆ ಹಿಂದಿರುಗಿಸಿದ್ದೇನೆ. ಪುಕ್ಕಟೆ ಸಿಕ್ಕಿದ್ದನ್ನು ನಾನು ಹಿಂದಕ್ಕೆ ಕೊಟ್ಟದ್ದು ಅದೇ ಮೊದಲು. ಈಗ ದಿನಾ ಬೆಳಿಗ್ಗೆ ಎಂಟಕ್ಕೆ, ಆಕಾಶ ಬಿರಿದು ಸುರಿಯುತ್ತಿದ್ದರೂ, ಛತ್ರಿ ಹಿಡಿದು ಇಪ್ಪತ್ತೆರಡು ಮೆಟ್ಟಿಲು ಹತ್ತುತ್ತೇನೆ. ನಾನು ಹತ್ತುವುದನ್ನು ದೊಡ್ಡಪ್ಪ ಕಿಟಕಿಯಿಂದ ಎಣಿಸುತ್ತಾರೆ. ನಿನ್ನೆ ಬೆಳಿಗ್ಗೆ ಅಳತೆಯ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದೆ. ಒರೆಸಿ ಮತ್ತೆ ನೋಡಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಐವತ್ತು ಸೆಂಟು. ಸೊನ್ನೆಗೆ ನಿಂತ ಅಂಕಿ; ಆ ಸಾಸಿವೆ ಹೊಲ ಕಣ್ಣ ಮುಂದೆ ಬಂತು. ಆಮೇಲೆ ಇಳಿದು ಬಂದು ಜಗಲಿಯಲ್ಲಿ ಛತ್ರಿ ಮಡಚಿದೆ.

"ಎಷ್ಟಾಯ್ತೋ?" ಎಂದರು ದೊಡ್ಡಪ್ಪ.

"ನಲವತ್ತೊಂಬತ್ತು ಸೆಂಟು ದೊಡ್ಡಪ್ಪ."

ಅವರು ಸಂತೋಷದಿಂದ ತಲೆಯಾಡಿಸಿದರು. "ಹೂಂ, ಈಗ ನೋಡು, ನೀನು ಮಳೆ ಅಳೀತಿದೀಯ."