ಅದೇ ಸೊಂಟ

ಗುಂಡುಸೂಜಿ ತನ್ನ ತೊಡೆಗೆ ಚುಚ್ಚಿಕೊಂಡಿದೆ ಎಂಬುದು ದರ್ಜಿಗೆ ಗೊತ್ತಾಗಲಿಲ್ಲ; ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ನಿವೃತ್ತ ಹೆಡ್‌ಮೇಷ್ಟ್ರಿಗೆ ಗೊತ್ತಾಯಿತು. ಆ ದಿನದ ಗ್ರಹಚಾರವೆಲ್ಲ ಶುರುವಾದದ್ದು ಅಲ್ಲಿಂದಲೇ.

“ಏನಯ್ಯಾ, ತೊಡೆಯಲ್ಲಿ ಸೂಜಿ ನೆಟ್ಟುಕೊಂಡು ಮಿಷನ್ ತುಳೀತಾ ಇದ್ದೀಯಲ್ಲ! ನೀನು ಮನುಷ್ಯನೋ ದಿಂಬೋ?”

ದರ್ಜಿ ಬಗ್ಗಿ ನೋಡಿದ. ಸೂಜಿಯ ತಲೆ ಪ್ಯಾಂಟಿನ ಮೇಲೆ ಮುತ್ತಿನಂತೆ ಹೊಳೆಯುತ್ತಿತ್ತು. ಕಿತ್ತ, ನೋವಿಲ್ಲ. ಪಕ್ಕದಲ್ಲೇ ಇನ್ನೊಮ್ಮೆ ಚುಚ್ಚಿ ನೋಡಿದ, ಆಗಲೂ ಇಲ್ಲ. ಅವನ ಬಲತೊಡೆಯ ಹೊರಮಗ್ಗುಲು ಕೆಲವು ವಾರಗಳಿಂದ ಯಜಮಾನನ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಇಸ್ತ್ರಿ ಪೆಟ್ಟಿಗೆ ಇಟ್ಟಂತೆ ಉರಿ, ಇನ್ನೊಮ್ಮೆ ಬೇರೆ ಯಾರದೋ ಕಾಲನ್ನು ತಂದು ಜೋಡಿಸಿದಂತೆ ಜೋಮು. ಬೇಡದ ನೆಂಟರ ಹಾಗೆ, ಮಾತಾಡಿಸದಿದ್ದರೆ ತಾನಾಗಿ ಹೊರಟುಹೋದೀತು ಎಂದು ಅವನು ಸುಮ್ಮನಿದ್ದ. ಈಗ ಎದೆ ಝಲ್ಲೆಂದಿತು. ಅದು ಮಿಷನ್ ತುಳಿಯುವ ಕಾಲು. ಕಾಲು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಮನೆಯ ಒಲೆಯೂ ಆರಿತು.

“ಇದು ನರದ್ದು,” ಎಂದರು ಹೆಡ್‌ಮೇಷ್ಟ್ರು. ಅವರು ಜೀವಮಾನವಿಡೀ ಭೂಗೋಳ ಪಾಠ ಹೇಳಿದವರು. ಆದ್ದರಿಂದ ದೇಹದ ನಕ್ಷೆಯೂ ತಮಗೆ ಗೊತ್ತು ಎಂಬ ನಂಬಿಕೆ ಅವರಿಗಿತ್ತು. “ನರದ ರೋಗ ಕಾಲಲ್ಲಿ ಹುಟ್ಟುತ್ತೆ. ಆಮೇಲೆ ನದಿಗೆ ಉಲ್ಟಾ ಮೇಲಕ್ಕೆ ಹತ್ತುತ್ತೆ. ಸೊಂಟ, ಬೆನ್ನು, ಕುತ್ತಿಗೆ, ಕೊನೆಗೆ ತಲೆ. ಮೊದಲು ಮನುಷ್ಯ ಅಸಂಬದ್ಧ ಮಾತಾಡ್ತಾನೆ. ಆಮೇಲೆ ಮಾತೇ ಇರಲ್ಲ.”

“ಹೆದರಿಸಬೇಡಿ ಮೇಷ್ಟ್ರೇ!” ಎನ್ನುತ್ತಾ ಎದುರಿನ ಕಟಿಂಗ್ ಶಾಪಿನವನು ಓಡಿಬಂದ. ಅವನ ಗಿರಾಕಿ ಮುಖದ ತುಂಬ ನೊರೆ ಹೊತ್ತು ಕುರ್ಚಿಯಲ್ಲೇ ಉಳಿದ. “ಅಣ್ಣಾ, ಇದು ನಮ್ಮ ಬೀದಿಯ ನೀರಿನ ದೋಷ. ನಿಂತೂ ನಿಂತೂ ನನಗೂ ತೊಡೆ ಉರಿಯುತ್ತೆ. ಮೇಷ್ಟ್ರಿಗೂ ಇದೆ, ಕೇಳು ಬೇಕಾದ್ರೆ.”

“ನನ್ನದು ವಯಸ್ಸಿನದು,” ಎಂದು ಹೆಡ್‌ಮೇಷ್ಟ್ರು ಗಂಭೀರವಾಗಿ ತೊಡೆ ತಿಕ್ಕಿಕೊಂಡರು. “ಇವನದು ರೋಗದ್ದು.”

ಸದ್ದು ಕೇಳಿ ಹಿಂದಿನ ಮನೆಯಿಂದ ದರ್ಜಿಯ ಹೆಂಡತಿ ಬಂದಳು. “ರೀ, ಮನೇಲಿ ಮಲಗಿದಾಗ ಏನೂ ಇರಲ್ಲ. ಅಂಗಡಿಗೆ ಅಂತ ಬಟ್ಟೆ ಹಾಕ್ಕೊಂಡ್ರೆ ಶುರುವಾಗುತ್ತೆ. ಇದಕ್ಕೆ ನಮ್ಮ ಕಡೆ ಸೋಮಾರಿತನ ಅಂತಾರೆ.” ಆದರೂ ತೊಡೆಗೆ ಸೂಜಿ ಚುಚ್ಚಿ ತೋರಿಸಿದಾಗ ಅವಳೂ ಕಣ್ಣೊರೆಸಿಕೊಂಡು, “ಮೊದಲು ಆಸ್ಪತ್ರೆಗೆ ಹೋಗಿ,” ಎಂದಳು.

ಈ ದರ್ಜಿಯ ಹೆಸರುವಾಸಿಯ ಗುಟ್ಟನ್ನು ಇಲ್ಲಿ ಹೇಳಬೇಕು. ಅವನ ಕೊರಳಲ್ಲಿ ಟೇಪು ಯಾವಾಗಲೂ ಇರುತ್ತಿತ್ತು. ಗಿರಾಕಿಯ ಸೊಂಟಕ್ಕೆ ಮಾತ್ರ ಅದು ಇಳಿಯುತ್ತಿರಲಿಲ್ಲ. ಗಿರಾಕಿ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿನ ಕಡೆ ಕಳಿಸಿ ನಿಲ್ಲುತ್ತಿದ್ದ. ಇವನು ದೂರದಿಂದಲೇ ಒಂದು ಕಣ್ಣು ಹಾಯಿಸಿ, “ಅದೇ ಸೊಂಟ ಸಾರ್! ಮದುವೆಯಲ್ಲಿ ಇದ್ದದ್ದೇ. ಎಳ್ಳಷ್ಟೂ ಬದಲಾಗಿಲ್ಲ!” ಎನ್ನುತ್ತಿದ್ದ. ಮದುವೆಯ ಕಾಲದ ಅಳತೆಗೇ ಪ್ಯಾಂಟು ಸಿದ್ಧವಾಗುತ್ತಿತ್ತು. ಗಿರಾಕಿ ಅದರೊಳಗೆ ಹೇಗೋ ತೂರಿಕೊಂಡು, ಹುಕ್ಕು ಹಾಕಿ, ಮುಖ ಕೆಂಪಗೆ ಮಾಡಿಕೊಂಡು, ತನ್ನ ಯೌವನ ಇನ್ನೂ ಹೋಗಿಲ್ಲವೆಂದು ಎದೆಯುಬ್ಬಿಸಿ ನಡೆಯುತ್ತಿದ್ದ. ಬೀದಿಯ ಮೂಲೆಯಲ್ಲಿ ಇನ್ನೊಬ್ಬ ದರ್ಜಿಯಿದ್ದ. ಅವನು ಟೇಪು ಹಿಡಿದು, ಅಳತೆಯನ್ನು ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದ. ಈಗ ಅವನು ನೊಣ ಹೊಡೆಯುತ್ತಿದ್ದ.

ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ನಿಲುವಂಗಿ ಕೊಟ್ಟು, “ಪ್ಯಾಂಟು ಬಿಚ್ಚಿ ಇದನ್ನ ಹಾಕ್ಕೊಂಡು ಮಲಗಿ,” ಎಂದಳು. ದರ್ಜಿ ಅದನ್ನು ತಿರುಗಿಸಿ ನೋಡಿದ. ಮುಂದೆ ಬಟ್ಟೆ ಧಾರಾಳ, ಹಿಂದೆ ಎರಡು ದಾರ. ಇದನ್ನು ಹೊಲಿದವನಿಗೆ ಮನುಷ್ಯಜಾತಿಯ ಮೇಲೆ ಏನೋ ಹಗೆಯಿರಬೇಕು ಎಂದುಕೊಂಡು ಮಂಚ ಹತ್ತಿದ. ಡಾಕ್ಟರು ಬರುವಷ್ಟರಲ್ಲಿ ಅವನಿಗೆ ಒಂದು ಸೊಗಸಾದ ನಿದ್ದೆಯಾಗಿತ್ತು.

ಡಾಕ್ಟರು ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ಅಂಗಾಲು ಗೀರಿದರು, ಹತ್ತಿಯಿಂದ ತೊಡೆ ಸವರಿದರು. ದರ್ಜಿಗೆ ಕಚಗುಳಿಯಾಗಿ ನಗು ಬಂತು.

“ಉರಿ ಇದೆಯಾ?”

“ಈಗ ಇಲ್ಲ ಸಾರ್.”

“ಜೋಮು?”

“ಹೊರಗಡೆ ಇತ್ತು ಸಾರ್.”

“ಹೊರಗಡೆ ಇರೋ ರೋಗಕ್ಕೆ ನಾನು ಒಳಗಡೆ ಕೂತು ಏನ್ರೀ ಮಾಡ್ಲಿ? ಹೋಗಿ, ಕೆಲಸ ನೋಡ್ಕೊಳ್ಳಿ.”

ದರ್ಜಿ ದೇವರಿಗೆ ಕೈಮುಗಿದು, ಪ್ಯಾಂಟು ಏರಿಸಿಕೊಂಡು ಹೊರಟ. ಮೆಟ್ಟಿಲಿಳಿದು ಗೇಟು ಮುಟ್ಟುವಷ್ಟರಲ್ಲಿ ತೊಡೆ ಕೆಂಡವಾಯಿತು. ಓಡೋಡಿ ಹಿಂದಿರುಗಿದ. ಮತ್ತೆ ನಿಲುವಂಗಿ, ಮತ್ತೆ ಮಂಚ. ಸರದಿ ಬರುವ ಹೊತ್ತಿಗೆ ಉರಿ ಮಾಯ.

“ನಿಮಗೆ ನರದ ಡಾಕ್ಟರಲ್ಲ, ಬೇರೆ ಡಾಕ್ಟರು ಬೇಕು,” ಎಂದರು ಡಾಕ್ಟರು, ತಲೆಯ ಕಡೆ ಬೆರಳು ತೋರಿಸಿ.

ಮೂರನೆಯ ಸಲ ದರ್ಜಿ ಕುಂಟುತ್ತಾ ಬಂದಾಗ ಡಾಕ್ಟರು ಊಟಕ್ಕೆ ಹೊರಟು ಬಾಗಿಲಲ್ಲೇ ಎದುರಾದರು. ದರ್ಜಿಯ ಕಣ್ಣಲ್ಲಿ ನೀರಿತ್ತು. “ಸಾರ್, ಈಗ ಇದೆ! ದೇವರಾಣೆಗೂ ಈಗ ಇದೆ!”

ಡಾಕ್ಟರು ಅವನನ್ನು ಮೊದಲ ಬಾರಿಗೆ ಪೂರಾ ಬಟ್ಟೆಯಲ್ಲಿ ನೋಡಿದರು. ಸೊಂಟಪಟ್ಟಿಯ ಮೇಲೆ ಹೊಟ್ಟೆ, ಉಕ್ಕಿದ ಹಾಲಿನಂತೆ, ಸುತ್ತಲೂ ಬಾಗಿತ್ತು. ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದರು, ಉಗುರೂ ಹೋಗಲಿಲ್ಲ.

“ಅಯ್ಯೋ ಮಾರಾಯ! ತೊಡೆಗೆ ಇಳಿಯೋ ನರ ಇಲ್ಲೇ, ಸೊಂಟದ ಮೂಳೆ ಪಕ್ಕ ಹಾದುಹೋಗುತ್ತೆ. ಅದನ್ನ ಈ ಪಟ್ಟಿ ದಿನವಿಡೀ ಹಿಚುಕ್ತಾ ಇದೆ. ಬಿಚ್ಚಿದ್ರೆ ವಾಸಿ, ಹಾಕಿದ್ರೆ ಕಾಯಿಲೆ! ಯಾವ ಪುಣ್ಯಾತ್ಮ ಇದನ್ನ ಹೊಲಿದದ್ದು?”

“ಯಾರೋ... ನಮ್ಮ ಬೀದಿಯವನೇ ಒಬ್ಬ,” ಎಂದ ದರ್ಜಿ, ನೆಲ ನೋಡುತ್ತಾ.

ಬೀದಿ ಯಾವುದೆಂದು ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡರು. “ಆ ಬೀದಿಯಿಂದ ಎಷ್ಟು ಜನ ಇದೇ ದೂರು ತಂದಿದ್ದಾರೆ! ಎಲ್ಲರ ಪ್ಯಾಂಟೂ ಬಿಚ್ಚಿಸಿ, ಏನೂ ಇಲ್ಲ ಅಂತ ಕಳಿಸಿದ್ದೀನಿ. ಹೋಗಿ ಅವನಿಗೆ ಹೇಳಿ, ಎರಡು ಬೆರಳು ಜಾಗ ಬಿಡ್ಲಿ ಅಂತ. ಕೇಳದಿದ್ರೆ ಅವನ ಕತ್ತರಿ ಕಿತ್ಕೊಳ್ಳಿ.”

ದರ್ಜಿ ಗೋಡೆಯ ಮರೆಗೆ ಹೋಗಿ ಹುಕ್ಕು ಬಿಚ್ಚಿದ. ಆಹಾ! ಬೆಂದ ತೊಡೆಯ ಮೇಲೆ ತಣ್ಣೀರು ಸುರಿದಂತಾಯಿತು. ಆ ಸುಖದಲ್ಲೇ ತೀರಿಹೋದ ಅಪ್ಪನ ನೆನಪಾಯಿತು. ಕೆಲಸ ಕಲಿಸುವಾಗ ಅಪ್ಪ ಹೇಳುತ್ತಿದ್ದರು: “ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡು ಮಗಾ. ದೇವರು ಮನುಷ್ಯನನ್ನ ಹಾಗೇ ಇರೋಕೆ ಬಿಡೋದಿಲ್ಲ.” ಮಿಷನ್ ಮೇಲಿನ ಅವರ ಫೋಟೋಕ್ಕೆ ದಿನವೂ ನಮಸ್ಕರಿಸುತ್ತಿದ್ದ ಮಗ, ಆ ಮಾತನ್ನು ಮಾತ್ರ ಅವರ ಜೊತೆಗೇ ಕಳಿಸಿಬಿಟ್ಟಿದ್ದ. ಇವತ್ತೇ ಹೋಗಿ ನಿಜ ಹೇಳುತ್ತೇನೆ, ಎಲ್ಲರ ಪ್ಯಾಂಟೂ ಸಡಿಲ ಮಾಡುತ್ತೇನೆ, ಅಪ್ಪನ ಆತ್ಮ ತಣ್ಣಗಾಗಲಿ ಎಂದು ನಿಶ್ಚಯಿಸಿದ.

ಹುಕ್ಕು ಬಿಚ್ಚಿದ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು, ನಗುನಗುತ್ತಾ ಬೀದಿಗೆ ಬಂದವನನ್ನು ಕಂಡು ಹೆಡ್‌ಮೇಷ್ಟ್ರು ಎದ್ದು ನಿಂತರು. ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಬಂದ.

“ಎಲ್ಲರೂ ಹುಕ್ಕು ಬಿಚ್ಚಿ!” ಎಂದು ಕೂಗಿದ ದರ್ಜಿ. “ಮೇಷ್ಟ್ರೇ, ಮೊದಲು ನೀವು!”

“ಏನೆಂದೆ?”

“ನರ ಅಲ್ಲ, ನೀರಲ್ಲ, ವಯಸ್ಸೂ ಅಲ್ಲ. ಪ್ಯಾಂಟು! ನಮ್ಮೆಲ್ಲರ ಸೊಂಟ ಊದಿಕೊಂಡಿದೆ ಸಾರ್. ನಿಮ್ಮದಂತೂ ಮದುವೆ ಕಾಲದ್ದರ ಒಂದೂವರೆ ಪಟ್ಟು!”

ಹೆಡ್‌ಮೇಷ್ಟ್ರ ಮುಖ ಕಪ್ಪಿಟ್ಟಿತು.

“ಸೊಂಟ? ನನ್ನ ಸೊಂಟ? ಹೋದ ತಿಂಗಳು ನೀನೇ ಹೇಳಿದೆಯಲ್ಲೋ, ಅದೇ ಸೊಂಟ ಅಂತ!”

“ಸುಳ್ಳು ಹೇಳಿದ್ದೆ ಸಾರ್!”

“ಅಣ್ಣಾ, ನನ್ನದು?” ಎಂದ ಕಟಿಂಗ್ ಶಾಪಿನವನು, ಹೊಟ್ಟೆ ಒಳಗೆಳೆದುಕೊಂಡು.

“ನಿನ್ನದು ಸೊಂಟವೇ ಅಲ್ಲಪ್ಪಾ, ಪೀಪಾಯಿ!”

“ಹತ್ತಿಬಿಡ್ತು!” ಎಂದು ಹೆಡ್‌ಮೇಷ್ಟ್ರು ಚೀರಿದರು. “ಬೆಳಿಗ್ಗೆ ತೊಡೆಯಲ್ಲಿತ್ತು, ಮಧ್ಯಾಹ್ನಕ್ಕೇ ತಲೆಗೆ ಬಂತು! ಅಸಂಬದ್ಧ ಮಾತು ಶುರುವಾಯ್ತು ನೋಡಿ! ಗಾಡಿ ಕರೀರೋ!”

ಹೆಂಡತಿ ಅಳುತ್ತಾ ಓಡಿಬಂದಳು. “ರೀ, ಈ ಅವತಾರದಲ್ಲಿ ಆಸ್ಪತ್ರೆಗೆ ಹೋಗ್ತೀರಾ? ಮಾನ ಬೇಡವಾ?” ಎಂದು, ಮಂಡಿಯಿಂದ ಅವನ ಹೊಟ್ಟೆ ಒತ್ತಿಹಿಡಿದು, ಹುಕ್ಕನ್ನು ಭದ್ರವಾಗಿ ಸಿಕ್ಕಿಸಿದಳು.

ಬಾಡಿಗೆ ಗಾಡಿಯಲ್ಲಿ ದರ್ಜಿಯ ಒಂದು ಪಕ್ಕ ಹೆಡ್‌ಮೇಷ್ಟ್ರು, ಇನ್ನೊಂದು ಪಕ್ಕ ಕಟಿಂಗ್ ಶಾಪಿನವನು. ಮೂವರೂ ತೊಡೆ ತಿಕ್ಕಿಕೊಳ್ಳುತ್ತಿದ್ದರು. ದರ್ಜಿ ಬಾಯಿ ತೆರೆದಾಗಲೆಲ್ಲ ಇಬ್ಬರೂ ಅವನ ಕೈ ಅದುಮಿ ಹಿಡಿಯುತ್ತಿದ್ದರು.

“ತಲೆಯ ಡಾಕ್ಟರ ಹತ್ತಿರವೇ ಸೇರಿಸೋಣ,” ಎಂದರು ಹೆಡ್‌ಮೇಷ್ಟ್ರು. “ಗುಣ ಆಗೋಕೆ ವರ್ಷಗಳೇ ಬೇಕು.”

ಗಾಡಿ ಮೂಲೆ ತಿರುಗಿತು. ಅಲ್ಲಿ ಇನ್ನೊಬ್ಬ ದರ್ಜಿ ನೊಣ ಹೊಡೆಯುವುದನ್ನು ನಿಲ್ಲಿಸಿ ಕುತೂಹಲದಿಂದ ನೋಡುತ್ತಿದ್ದ. ನಮ್ಮ ದರ್ಜಿ ಅವನ ಖಾಲಿ ಬೆಂಚು ನೋಡಿದ. ಹೆಡ್‌ಮೇಷ್ಟ್ರ ಸೊಂಟ ನೋಡಿದ. ಪೀಪಾಯಿಯನ್ನೂ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಅಪ್ಪನಲ್ಲಿ ಕ್ಷಮೆ ಬೇಡಿ, ಮೆಲ್ಲಗೆ ಹೇಳಿದ:

“ಮೇಷ್ಟ್ರೇ, ಈಗ ಸರಿಯಾಗಿ ಕಾಣಿಸ್ತಾ ಇದೆ. ಅದೇ ಸೊಂಟ ಸಾರ್. ಎಳ್ಳಷ್ಟೂ ಬದಲಾಗಿಲ್ಲ.”

“ನನ್ನದು?” ಎಂದ ಕಟಿಂಗ್ ಶಾಪಿನವನು, ಉಸಿರು ಬಿಗಿಹಿಡಿದು.

“ನಿನ್ನದು ಇನ್ನೂ ಸಣ್ಣಗಾಗಿದೆಯಪ್ಪಾ.”

“ದೇವರು ದೊಡ್ಡವನು! ಬುದ್ಧಿ ಮರಳಿ ಬಂತು!” ಎಂದು ಹೆಡ್‌ಮೇಷ್ಟ್ರು ಆನಂದಬಾಷ್ಪ ಒರೆಸಿಕೊಂಡರು. “ಗಾಡಿ ಹಿಂದಕ್ಕೆ ತಿರುಗಿಸಪ್ಪಾ. ಇವನಿಗೆ ಏನೂ ಆಗಿಲ್ಲ. ನಾಳೆ ನನಗೆ ಇನ್ನೊಂದು ಪ್ಯಾಂಟು ಹೊಲೀಬೇಕು.”

ಗಾಡಿ ತಿರುಗಿತು. ದರ್ಜಿಯ ತೊಡೆ, ತನ್ನ ಹೊತ್ತಿಗೆ ಸರಿಯಾಗಿ, ಉರಿಯಲು ಶುರುಮಾಡಿತು.