ವೇದವಲ್ಲಿಯ ತೋಡಿ, ನರಹರಿಯ ಫೈಲು

“ಬನ್ನಿ ವೇದಮ್ಮ, ಕೂತ್ಕೊಳ್ಳಿ! ಇವತ್ತು ಚರಿತ್ರೆ ಸೃಷ್ಟಿಯಾಗುತ್ತೆ!” ಎಂದರು ನರಹರಿ.

ವಿದುಷಿ ವೇದವಲ್ಲಿ ಹುಷಾರಾಗಿಯೇ ಕುಳಿತರು. ಒಂಟಿಕೊಪ್ಪಲಿನ ತಮ್ಮ ಪಕ್ಕದ ಆ ಮನೆಯಲ್ಲಿ ಚರಿತ್ರೆ ಸೃಷ್ಟಿಯಾದಾಗಲೆಲ್ಲ ಬೀದಿಯ ಫ್ಯೂಸು ಹಾರಿತ್ತು. ಸಂಜೆ ಆರಕ್ಕೆ ಅವರ ಕಛೇರಿ. ಸಂಗೀತ ಸಭೆಯವರಿಗೆ ಅವರ ನೆನಪಾಗಲು ಅವರಿಗೆ ಅರವತ್ತೆಂಟು ತುಂಬಬೇಕಾಯಿತು. ತಪ್ಪಿದರೆ ಇನ್ನೊಂದು ಅರವತ್ತೆಂಟು ಕಾಯುವ ತಾಳ್ಮೆ ಅವರಿಗಿರಲಿಲ್ಲ.

ಮೇಜಿನ ಮೇಲೆ ಡಿಜಿಟಲ್ ಮಿಕ್ಸರು ಮಿಣುಕುತ್ತಿತ್ತು. “ಬೇರೆಯವರದ್ದು ಮೈಕಿಗೊಂದು ಫೈಲು ಮಾಡುತ್ತೆ. ನನ್ನದಕ್ಕೆ ಒಂದೇ ಮೈಕು ಸಾಕು, ಸದ್ದಿಗೊಂದು ಫೈಲು!”

ವೇದವಲ್ಲಿ ಕಾಲು ಗಂಟೆ ತೋಡಿ ರಾಗ ಹಾಡಿದರು. ಪರದೆಯ ಮೇಲೆ ನಾಲ್ಕು ಫೈಲು ಮೂಡಿದವು: ಅವರ ಕಂಠ, ತಂಬೂರಿ, ಫ್ಯಾನು, ಬೀದಿನಾಯಿ ಕೆಂಚನ ಬೊಗಳು. ನರಹರಿ ಅವಕ್ಕೆ ನಾಮಕರಣವನ್ನೂ ಮಾಡಿದರು: ‘ಕೊನೇದು’, ‘ಹೊಸ ಕೊನೇದು’, ‘ನಿಜವಾದ ಕೊನೇದು’, ‘ಇದೇ ಕೊನೇದು’.

ಕಾಫಿ ಲೋಟ ಎತ್ತಲು ಬಂದ ಅವರ ಹೆಂಡತಿ ಗೋದಮ್ಮ ಇಣುಕಿದರು. “ಇದೇನ್ರೀ ಹೆಸರು? ವೇದ, ಫ್ಯಾನು, ನಾಯಿ ಅಂತ ಬರೆದರೆ ಕೈ ಸವೆಯುತ್ತಾ?”

“ನಂಗೆ ಗೊತ್ತಿರುತ್ತೆ ಬಿಡೇ!”

“ಮಗಳ ಮದುವೆ ವಾಲಗ ಅಳಿಸಿದಾಗಲೂ ಗೊತ್ತಿತ್ತು ನಿಮಗೆ!” ಗೋದಮ್ಮ ಮಿಕ್ಸರಿನ ಬೆನ್ನು ತಡವಿ, ಲೋಟ ಎತ್ತಿಕೊಂಡು ಹೋದರು.

ನರಹರಿ ನಾಯಿಯ ಫೈಲನ್ನು ಅಳಿಸಿದರು. ಕಿಟಕಿಯಾಚೆ ಕೆಂಚ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸದ್ದೇ ಇಲ್ಲ! ಯಾರೋ ಕದ್ದರೇನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡಿತು.

“ಆಹಾ! ಇಲ್ಲಿ ಅಳಿಸಿದರೆ ಮೂಲದಲ್ಲೇ ಹೋಗುತ್ತೆ! ಈ ಫ್ಯಾನಿನ ಕರಕರಾನೂ ತೆಗೀತೀನಿ ನೋಡಿ!” ಎಂದು ‘ಹೊಸ ಕೊನೇದು’ ಒತ್ತಿದರು.

ಫ್ಯಾನು ಕರಕರ ಎನ್ನುತ್ತಲೇ ಇತ್ತು. “ಮೊದಲು ನಿಲ್ಲಿಸಿ ಇದನ್ನ!” ಎಂದು ವೇದವಲ್ಲಿ ಕೂಗಿದರು. ತುಟಿ ಮಾತ್ರ ಕೂಗಿತು.

ಗಂಟೆ ನಾಲ್ಕು. ನರಹರಿ ಬೆವರುತ್ತ ಇನ್ಯಾವುದೋ ಫೈಲು ಅವರ ಕಂಠಕ್ಕೆ ತುಂಬಿದರು. ವೇದವಲ್ಲಿ ಬಾಯಿ ತೆರೆದರೆ ಕರಕರ ಕರಕರ! ಐವತ್ತು ವರ್ಷದ ಸಾಧನೆ ಎಣ್ಣೆ ಕಾಣದ ಫ್ಯಾನಾಗಿತ್ತು. ಅವರು ತಂಬೂರಿ ಎತ್ತಿಕೊಂಡರು. ಶ್ರುತಿ ಮಾಡಲಿಕ್ಕಲ್ಲ ಎಂದು ನರಹರಿಗೆ ಥಟ್ಟನೆ ಹೊಳೆಯಿತು.

“ಗೋದಾ!” ಎಂದು ಮೇಜಿನಡಿಯಿಂದ ಚೀರಿದರು.

ಗೋದಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. “ವೇದಾ, ನಮ್ಮ ಮೊಸರು ಕೆಟ್ಟರೆ ಹೆಪ್ಪು ಎಲ್ಲಿಂದ ತರ್ತೀನಿ?”

ವೇದವಲ್ಲಿ ತಮ್ಮ ಮನೆಯ ಕಡೆ ಬೆರಳು ತೋರಿಸಿದರು.

“ಅಲ್ವಾ? ವಾಲಗ ಹೋದಾಗಿನಿಂದ ಇವರು ಮುದ್ರಿಸಿದ್ದೆಲ್ಲ ಇನ್ನೊಂದು ಮೆಮೊರಿ ಕಾರ್ಡಿಗೂ ಬೀಳೋ ಹಾಗೆ ಮಾಡಿದೀನಿ. ಇವರು ಕೈ ಇಡೋಕೆ ಮುಂಚೆ ಅದನ್ನ ಕಿತ್ತು, ನಿಮ್ಮ ಅಡುಗೆಮನೇಲಿ ಹೆಪ್ಪಿನ ಬಟ್ಟಲ ಪಕ್ಕ ಇಡ್ತೀನಿ. ಇವತ್ತಿಂದೂ ಅಲ್ಲೇ ಇದೆ. ಓಡು!”

ವೇದವಲ್ಲಿ ಓಡಿದರು. ಅರವತ್ತೆಂಟು ವರ್ಷ ನಾಚುವಂತೆ ಓಡಿದರು.

ವೇದವಲ್ಲಿ ತಂದ ಕಾರ್ಡನ್ನು ಗೋದಮ್ಮ ಮಿಕ್ಸರಿಗೆ ಸಿಕ್ಕಿಸಿ, ಹೆಡ್‌ಫೋನು ಹಾಕಿಕೊಂಡು ಒಂದೊಂದನ್ನೂ ಕೇಳಿ ಆರಿಸಿ ಗುಂಡಿ ಒತ್ತಿದರು. ವೇದವಲ್ಲಿ ಹೆದರುತ್ತಲೇ ಬಾಯಿ ತೆರೆದರು. “ಸಾ...” ಬಂತು! ಅವರದೇ ಸಾ! ಬಿಟ್ಟರೆ ಮತ್ತೆ ಹೋದೀತೆಂದು ಉಸಿರು ಮುಗಿಯುವವರೆಗೂ ಹಿಡಿದೇ ಇದ್ದರು. ಆಮೇಲೆ ಅತ್ತರು. ಆಮೇಲೆ ನರಹರಿಯನ್ನು ಬೈದರು, ಮೂರೂ ಸ್ಥಾಯಿಯಲ್ಲಿ.

ಗೋದಮ್ಮ ವೇದವಲ್ಲಿಯನ್ನು ಆಟೋ ಹತ್ತಿಸಲು ಹೋದಾಗ ನರಹರಿಯ ಮನಸ್ಸು ಕರಗಿತು. “ಪಾಪ, ಮೂಕಪ್ರಾಣಿ” ಎಂದು ಹೆಡ್‌ಫೋನಿನ ಗೊಡವೆಗೆ ಹೋಗದೆ ಕೆಂಚನಿಗೂ ಒಂದು ಫೈಲು ಮರಳಿಸಿದರು. ಯಾವುದೋ ಒಂದು ‘ಕೊನೇದು’.

ಕಛೇರಿ ಗೆದ್ದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಗ್ಗೆ ಬೀದಿಯಲ್ಲಿ ಸೊಗಸಾದ ತೋಡಿ ಕೇಳಿ ವೇದವಲ್ಲಿ ಕಿಟಕಿ ತೆರೆದರು. ನರಹರಿಯ ಕಾಂಪೌಂಡಿನ ಮೇಲೆ ಕೆಂಚ ಕಣ್ಣು ಮುಚ್ಚಿ ಕುಳಿತು ಆಲಾಪನೆ ನಡೆಸಿತ್ತು.

“ಅಯ್ಯೋ, ತೆಗೆಸಿಬಿಡ್ಲಾ ವೇದಾ?” ಎಂದು ಗೋದಮ್ಮ ಹಿತ್ತಲಿನಿಂದ ಕೇಳಿದರು.

ವೇದವಲ್ಲಿ ಆಲಾಪನೆ ಮುಗಿಯುವವರೆಗೂ ಕಿವಿಗೊಟ್ಟು ಕೇಳಿದರು.

“ಬೇಡ ಗೋದಕ್ಕ, ಇರಲಿ. ಗಾಂಧಾರ ಚೂರು ಏರುತ್ತೆ. ಆದರೂ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಅಭ್ಯಾಸಕ್ಕೆ ಕೂರೋ ಶಿಷ್ಯ ನನಗೆ ಸಿಕ್ಕಿದ್ದು ಇದೇ ಮೊದಲು.”